ಅಜ್ಜನ ಅಡತಿ ಅಂಗಡಿ ಕೆಡವದೇ ಉಳಿಸಿಕೊಂಡಿದ್ದು

ಕೆಡವಿ ಕಾಂಪ್ಲೆಕ್ಸ್ ಕಟ್ಟಿಸು ಅಂತ ಎಲ್ಲರೂ ಹೇಳಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ರಾಯಚೂರಿನ ತೀನ್ ಕಂದೀಲ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿದೆ ನಮ್ಮ ಅಜ್ಜನ ಅಡತಿ ಅಂಗಡಿ, ಅಂದರೆ ದಲ್ಲಾಳಿ ವ್ಯಾಪಾರದ ಅಂಗಡಿ. ಹದಿನಾರು ಅಡಿ ಅಗಲ, ನಲವತ್ತು ಅಡಿ ಉದ್ದ. ಮಳೆ ಬಂದರೆ ಒಳಗೆ ನಾಲ್ಕು ಬಕೆಟ್ ಇಡಬೇಕು. ಬಾಡಿಗೆಯವರು ಬಿಟ್ಟು ಹೋಗಿ ಎರಡು ವರ್ಷ ಆಗಿತ್ತು.

ಕೆಡವುವವನು ಬಂದು ಮಾಳಿಗೆ ನೋಡಿ, "ಗರ್ಡರ್ ನನಗೆ ಕೊಟ್ಟುಬಿಡಿ, ಕೂಲಿ ಬೇಡ" ಅಂದ. ಅಲ್ಲೇ ನನಗೆ ಸಂಶಯ ಬಂತು. ಅವನಿಗೆ ಇಷ್ಟು ಆಸೆ ಹುಟ್ಟಿಸಿದ ಗರ್ಡರ್ ಅಷ್ಟೇನೂ ಕೆಟ್ಟಿರಲಿಕ್ಕಿಲ್ಲ, ಅಲ್ವಾ?

ಏಣಿ ಹಾಕಿ ತಂತಿ ಬ್ರಷ್‌ನಿಂದ ತಿಕ್ಕಿದೆ. ತುಕ್ಕಿನ ಹೆಕ್ಕಳ ಉದುರಿದ ಮೇಲೆ ಉಬ್ಬು ಇಂಗ್ಲಿಷ್ ಅಕ್ಷರ ಕಂಡವು: ಡಾರ್ಮನ್ ಲಾಂಗ್, ಮಿಡಲ್ಸ್‌ಬ್ರೋ, ಇಂಗ್ಲೆಂಡ್. ಸಿಡ್ನಿಯ ದೊಡ್ಡ ಕಮಾನು ಸೇತುವೆ ಕಟ್ಟಿದ್ದೂ ಇದೇ ಕಂಪನಿ. ಆ ಸೇತುವೆ ತೆರೆದದ್ದು 1932ರಲ್ಲಿ. ನಮ್ಮ ಬಾಗಿಲ ಮೇಲಿನ ಕಲ್ಲಿನಲ್ಲಿ ಉರ್ದುವಿನಲ್ಲಿ ಇಸವಿ ಕೆತ್ತಿದೆ. ಪಕ್ಕದ ಅತ್ತರು ಅಂಗಡಿಯ ಹಿರಿಯರು ಓದಿ ಹೇಳಿದರು: 1341 ಫಸಲಿ. ನಿಜಾಮರ ಕಾಲದ ಲೆಕ್ಕ ಅದು. 590 ಕೂಡಿಸಿದರೆ 1931-32. ಎರಡೂ ಹೆಚ್ಚುಕಡಿಮೆ ಒಂದೇ ವಾರಿಗೆ!

ನಮ್ಮ ಮನೆಯಲ್ಲಿ ಮಾತ್ರ ಬೇರೆ ಕತೆ ಇತ್ತು. ಹತ್ತಿಗೆ ಬಂಗಾರದ ಬೆಲೆ ಬಂದಾಗ ಅಜ್ಜ ಕಟ್ಟಿಸಿದ್ದು ಅಂತ. 1931ರಲ್ಲಿ ಎಲ್ಲಿಯ ಬಂಗಾರದ ಬೆಲೆ? ಜಗತ್ತಿನ ತುಂಬಾ ಹತ್ತಿ ದರ ನೆಲಕ್ಕೆ ಬಿದ್ದಿತ್ತು. ಟ್ರಂಕಿನಲ್ಲಿದ್ದ ಕಿರ್ದಿ ತೆಗೆದು ನೋಡಿದರೆ ಪುಟಪುಟಕ್ಕೂ ಬಡ್ಡಿ ಕಟ್ಟಿದ ಲೆಕ್ಕ. ಅಜ್ಜ ಸಾಲ ಮಾಡಿಯೇ ಕಟ್ಟಿಸಿದ್ದ. ಗೌಂಡಿಗಳ ಕೂಲಿ, ಸುಣ್ಣ, ಫರ್ಸಿ ಕಲ್ಲು ಎಲ್ಲಾ ಹಾಲಿ ಸಿಕ್ಕಾದಲ್ಲಿ, ಅಂದರೆ ನಿಜಾಮರ ರೂಪಾಯಿಯಲ್ಲಿ. ಗರ್ಡರ್ ಮತ್ತು ರೈಲು ಬಾಡಿಗೆ ಮಾತ್ರ ಕಲ್ದಾರ್‌ನಲ್ಲಿ, ಅಂದರೆ ಬ್ರಿಟಿಷರ ರೂಪಾಯಿಯಲ್ಲಿ. ಆರು ಕಲ್ದಾರ್‌ಗೆ ಏಳು ಹಾಲಿ. ಬೊಂಬಾಯಿ ಕಡೆಯ ಹಳಿ ಮತ್ತು ಮದ್ರಾಸ್ ಕಡೆಯ ಹಳಿ ಕೂಡಿದ್ದೇ ರಾಯಚೂರಲ್ಲಿ, 1871ರಲ್ಲಿ. ಹಾಗಾಗಿ ಇಂಗ್ಲೆಂಡಿನ ಕಬ್ಬಿಣ ನಮ್ಮ ಓಣಿ ತನಕ ಬಂತು.

ಇದನ್ನೆಲ್ಲಾ ಓದಿದ ಮೇಲೆ ಕೆಡವಲು ಮನಸ್ಸು ಬರಲಿಲ್ಲ. ಎಂಜಿನಿಯರ್ ಬಂದು ಏಳೂ ಗರ್ಡರ್ ಅಳೆದರು. ಒಂದಕ್ಕೆ ಮಾತ್ರ ಹೊಸದು ಕೊಟ್ಟು ಆಸರೆ ಮಾಡಬೇಕು, ಉಳಿದವು ಗಟ್ಟಿ ಅಂದರು.

ಹಾಗಾದರೆ ಸೋರಿದ್ದು ಯಾಕೆ? ಹೇಳಲು ಸ್ವಲ್ಪ ಸಂಕೋಚ: ನಮ್ಮಪ್ಪನ ರಿಪೇರಿಯಿಂದ. ಗರ್ಡರ್ ಮೇಲೆ ಫರ್ಸಿ, ಅದರ ಮೇಲೆ ಸುಣ್ಣದ ಗಚ್ಚು, ಇದು ಅಜ್ಜನ ಮಾಳಿಗೆ. ಅಪ್ಪ ಅದರ ಮೇಲೆ ಎರಡು ಇಂಚು ಸಿಮೆಂಟ್ ಹಾಕಿಸಿದ್ದರು. ನಮ್ಮ ಬಿಸಿಲಿಗೆ ಸಿಮೆಂಟ್ ಬಿರುಕು ಬಿಟ್ಟಿತು. ಬಿರುಕಿನಿಂದ ಇಳಿದ ನೀರು ಮತ್ತೆ ಆವಿಯಾಗಿ ಹೊರಗೆ ಹೋಗಲು ದಾರಿಯಿಲ್ಲ. ಒಳಗೇ ನಿಂತು ಗರ್ಡರ್ ತಿಂದಿತು. ಗೋಡೆಗೂ ಅದೇ ಗತಿ. ಕೆಳಗಿನ ಮೂರು ಅಡಿ ಸಿಮೆಂಟ್ ಪ್ಲಾಸ್ಟರ್ ಕಿತ್ತರೆ ಹಿಂದೆ ಬಿಳಿ ಉಪ್ಪು ಹಿಟ್ಟಿನ ಹಾಗೆ ಸುರಿಯಿತು.

ಸುಣ್ಣದ ಕೆಲಸ ಬಲ್ಲ ಗೌಂಡಿ ಸಿಗಲು ಎರಡು ತಿಂಗಳು ಹಿಡಿಯಿತು. ಸಿಕ್ಕವರು ಎಪ್ಪತ್ತರ ಆಸುಪಾಸಿನವರು. ಸುಣ್ಣದ ಹರಳು ಅರಳಿಸಿ, ವಾರಗಟ್ಟಲೆ ನೀರಲ್ಲಿ ಕೊಳೆಸಿ, ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆಸಿದರು. ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಬೇರೆ. ಇರುವೆಗಳಿಗೆ ಹಬ್ಬ.

ಅವರು ಮಳೆಗಾಲ ಮುಗಿಯಲಿ ಅಂದಿದ್ದರು. ನನಗೆ ಅವಸರ. ಏಪ್ರಿಲ್‌ನಲ್ಲಿ ಮುಂಭಾಗದ ಗೋಡೆ ಮಾಡಿಸಿಯೇಬಿಟ್ಟೆ. ಮೂರನೇ ದಿನಕ್ಕೆ ಕೆರೆ ಬತ್ತಿದ ನೆಲದ ಹಾಗೆ ಬಿರಿಯಿತು. ಸುಣ್ಣ ಒಣಗಿದರೆ ಸಾಲದು, ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗಬೇಕು. ಅದಕ್ಕೆ ತೇವ ಇರಬೇಕು. ಎಲ್ಲಾ ಕಿತ್ತು ನವೆಂಬರ್‌ನಲ್ಲಿ ಮತ್ತೆ ಮಾಡಿಸಿದೆ, ಗೋಣಿತಟ್ಟು ಕಟ್ಟಿ ಹದಿನೈದು ದಿನ ನೀರು ಚಿಮುಕಿಸುತ್ತಾ. ದುಡ್ಡು ಎರಡು ಸಲ ಹೋಯಿತು. ಗೌಂಡಿ ಏನೂ ಅನ್ನಲಿಲ್ಲ, ಸುಮ್ನೆ ನಕ್ಕರು.

ಕೊನೆಗೆ ಉಳಿದದ್ದು ಹಲಗೆ ಬಾಗಿಲು. ಹನ್ನೊಂದು ತೇಗದ ಹಲಗೆ, ಮೇಲೂ ಕೆಳಗೂ ಕೊರೆದ ತೋಡಿನಲ್ಲಿ ಒಂದೊಂದಾಗಿ ಸರಿಸಿ ಕೂಡಿಸುವುದು. ಅಂಚಿನಲ್ಲಿ ಬಡಿಗ ಉಳಿಯಿಂದ ಗೀರು ಹಾಕಿದ್ದಾನೆ: ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು, ಹೀಗೆ. ಏಳು ಗೀರಿನ ಹಲಗೆ ಇರಲಿಲ್ಲ. ಬಿಚ್ಚಿದ ಮನೆಯೊಂದರ ಹಳೆ ತೊಲೆ ಕೊಯ್ಯಿಸಿ ಹೊಸದು ಮಾಡಿಸಿದೆ, ಏಳು ಗೀರು ನಾನೇ ಹಾಕಿದೆ. ಈಗ ಅಲ್ಲಿ ಬಟ್ಟೆ ಅಂಗಡಿ ಇದೆ. ಆಗಸ್ಟ್ ಮಳೆಗೆ ಆ ಏಳನೆಯ ಹಲಗೆ ಉಬ್ಬಿ ಸಿಕ್ಕಿಕೊಂಡು, ಅಂಗಡಿ ತೆಗೆಯುವಾಗ ಹನ್ನೊಂದು ಗಂಟೆ ಆಯಿತಂತೆ. ಬಾಡಿಗೆಯವರು ಫೋನ್ ಮಾಡಿ ಬೈದರು. ಹಲಗೆ ಹೆರೆಯುವ ರಂದ ಹಿಡಿದುಕೊಂಡು ಹೋದೆ.