ಅಕ್ಕಿ ಚೀಲದ ಮೇಲೆ ಕ್ಯೂಆರ್ ಕೋಡ್: ನನ್ನ ಅನುಭವ

ಗಂಗಾವತಿಯಲ್ಲಿ ನನ್ನದು ಸಣ್ಣ ಅಕ್ಕಿ ವ್ಯಾಪಾರ. ಸ್ವಂತ ಮಿಲ್ ಇಲ್ಲ. ಮಿಲ್‌ನಿಂದ ಸೋನಾ ಮಸೂರಿ ತಂದು ನಮ್ಮ ಹೆಸರಿನ 25 ಕೆಜಿ ಚೀಲಕ್ಕೆ ತುಂಬಿಸಿ ಕೊಪ್ಪಳ, ಕುಷ್ಟಗಿ, ಹೊಸಪೇಟೆ ಕಡೆಯ ಕಿರಾಣಿ ಅಂಗಡಿಗಳಿಗೆ ಹಾಕುತ್ತೇನೆ. ತುಂಗಭದ್ರೆಯ ಎಡದಂಡೆ ಕಾಲುವೆ ನೀರಿನ ಭತ್ತ, ಅಕ್ಕಿ ಬಗ್ಗೆ ದೂರು ಕಡಿಮೆ. ಆದರೆ ಹೊಸ ಅಕ್ಕಿ ಬಂತು ಅಂದ್ರೆ ಅಂಗಡಿಯವರಿಂದ ಒಂದೇ ಫೋನು: "ಅಣ್ಣಾ, ನಿಮ್ಮ ಅಕ್ಕಿ ಅನ್ನ ಮುದ್ದಿ ಆಗಾಕತ್ತೈತಂತ್ರಿ." ಅಕ್ಕಿ ಕೆಟ್ಟಿರುವುದಿಲ್ಲ. ಹೊಸ ಅಕ್ಕಿಗೆ ನೀರು ಕಡಿಮೆ ಸಾಕು, ಹಳೆ ಅಕ್ಕಿಗೆ ಇಟ್ಟಷ್ಟೇ ಇಟ್ಟರೆ ಅನ್ನ ಅಂಟಿಕೊಳ್ಳುತ್ತದೆ. ಇದನ್ನ ಅಂಗಡಿಯವರಿಗೆ ಹೇಳಿ ಏನು ಪ್ರಯೋಜನ, ಒಲೆ ಮುಂದೆ ನಿಂತವರಿಗೆ ಗೊತ್ತಾಗಬೇಕು ಅಲ್ವಾ? ಅದಕ್ಕೇ ನೀರಿನ ಅಳತೆ ತೋರಿಸುವ ವಿಡಿಯೋ ಮಾಡಿ, ಅದು ತೆರೆಯುವ ಕ್ಯೂಆರ್ ಕೋಡ್ ಚೀಲದ ಮೇಲೆ ಹಾಕಿಸಿದ್ದು.

ಮೊದಲ ಸಲ ಪೂರ್ತಿ ಕೆಟ್ಟಿತು. ವಿಡಿಯೋದ ಉದ್ದನೆಯ ಲಿಂಕನ್ನೇ ಕೋಡ್ ಮಾಡಿಸಿ, ಚೀಲದ ಮೂಲೆಯಲ್ಲಿ 4 ಸೆಂಟಿಮೀಟರ್ ಜಾಗ ಕೊಟ್ಟೆ. ಕಂಪ್ಯೂಟರ್ ಪರದೆ ಮೇಲೆ ಚೆನ್ನಾಗೇ ಸ್ಕ್ಯಾನ್ ಆಗಿತ್ತು. ಚೀಲ ಬಂದ ದಿನ ಗೋಡೌನಿನಲ್ಲಿ ನಾಲ್ಕು ಫೋನ್ ಹಿಡಿದು ನೋಡಿದೆವು, ಒಂದೂ ಓದಲಿಲ್ಲ. ಬಗ್ಗಿ ಹತ್ತಿರದಿಂದ ನೋಡಿದೆ. ಅಕ್ಕಿ ಚೀಲ ಅಂದ್ರೆ ಪ್ಲಾಸ್ಟಿಕ್ ಪಟ್ಟಿಗಳ ನೇಯ್ಗೆ, ಚಾಪೆ ಇದ್ದ ಹಾಗೆ. ಒಂದೊಂದು ಪಟ್ಟಿ ಎರಡು ಮೂರು ಮಿಲಿಮೀಟರ್ ಅಗಲ. ನನ್ನ ಕೋಡಿನ ಒಂದು ಚೌಕ ಒಂದು ಮಿಲಿಮೀಟರೂ ಇರಲಿಲ್ಲ. ಪಟ್ಟಿಗಳ ಸಂದಿಯಲ್ಲಿ ಶಾಯಿ ಹರಡಿ ಕಪ್ಪು ಬಿಳಿ ಎಲ್ಲ ಕಲಸಿಹೋಗಿತ್ತು.

ಆಮೇಲೆ ಕಲಿತದ್ದು ಇದು. ಲಿಂಕ್ ಉದ್ದ ಆದಷ್ಟೂ ಚೌಕಗಳು ಜಾಸ್ತಿ. ನನ್ನ ಹಳೆ ಕೋಡಿನಲ್ಲಿ ಸಾಲಿಗೆ 49 ಚೌಕ ಇದ್ದವು. ಲಿಂಕ್ ಚಿಕ್ಕದು ಮಾಡಿದ ಮೇಲೆ 29ಕ್ಕೆ ಇಳಿಯಿತು. ಅಳತೆ 9 ಸೆಂಟಿಮೀಟರ್‌ಗೆ ಏರಿಸಿದೆ, ಆಗ ಒಂದು ಚೌಕ ಮೂರು ಮಿಲಿಮೀಟರ್ ಆಗಿ ನೇಯ್ಗೆಯನ್ನ ತಡೆದುಕೊಂಡಿತು. ಸುತ್ತ ನಾಲ್ಕು ಚೌಕದಷ್ಟು ಅಗಲ ಖಾಲಿ ಬಿಡಲೇಬೇಕು, ಅಲ್ಲಿ ಹೂ ಬಳ್ಳಿ ಚಿತ್ರ ಬೇಡ. ಕೋಡ್ ಮಾಡುವಾಗ ತಪ್ಪು ಸರಿಪಡಿಸುವ ಮಟ್ಟ ಅಂತ ನಾಲ್ಕು ಇರುತ್ತವೆ: 7, 15, 25, 30 ಪರ್ಸೆಂಟ್. ನಾನು 25 ಇಟ್ಟೆ. ಅಂದ್ರೆ ಕಾಲುಭಾಗದಷ್ಟು ಮಸುಕಾದರೂ ಫೋನ್ ಓದಿಕೊಳ್ಳುತ್ತದೆ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತು ಅವರ ಜೊತೆಯವರು ಕ್ಯೂಆರ್ ಕೋಡ್ ಮಾಡಿದ್ದೇ ಕಾರ್ಖಾನೆಯ ಬಿಡಿಭಾಗಗಳಿಗೆ. ಎಣ್ಣೆ, ಕೊಳೆ ಹತ್ತಿದರೂ ನಡೆಯಬೇಕಿತ್ತು. ನಮ್ಮ ತೌಡಿನ ಧೂಳಿಗೂ ಅದೇ ಗುಣ ಕೆಲಸಕ್ಕೆ ಬಂತು.

ಈಗ ಸ್ಕ್ಯಾನ್ ಆಗುತ್ತಿತ್ತು, ಆದರೆ ಯಾರೂ ಮಾಡುತ್ತಿರಲಿಲ್ಲ. ಕುಷ್ಟಗಿಯ ಒಂದು ಅಂಗಡಿಯಲ್ಲಿ ಅರ್ಧ ದಿನ ಕೂತೆ. ಒಬ್ಬ ಅಕ್ಕ ಚೀಲ ನೋಡಿ ಕೇಳಿದರು: "ಇದಕ್ಕ ಫೋನ್ ಹಿಡಿದ್ರ ನಮ್ಮ ರೊಕ್ಕ ಹೋಗ್ತಾವೇನ್ರಿ?" ಆಗ ಅರ್ಥವಾಯಿತು. ನಮ್ಮ ಕಡೆ ಕ್ಯೂಆರ್ ಕೋಡಿಗೆ ಹೆಸರೇ "ಸ್ಕ್ಯಾನರ್". 2016ರಲ್ಲಿ ಯುಪಿಐ ಬಂದ ಮೇಲೆ ಚಹಾ ಅಂಗಡಿಯಿಂದ ಮಿರ್ಚಿ ಬಂಡಿವರೆಗೂ ಈ ಚೌಕ ಅಂದ್ರೆ ದುಡ್ಡು ಕೊಡುವ ಜಾಗ. ಇನ್ನೊಬ್ಬ ಹುಡುಗ ದುಡ್ಡು ಕಟ್ಟುವ ಆಪ್ ತೆಗೆದೇ ಸ್ಕ್ಯಾನ್ ಮಾಡಿದ, ಅದು ತಪ್ಪು ಕೋಡ್ ಅಂತ ತೋರಿಸಿತು, ಫೋನ್ ಜೇಬಿಗಿಟ್ಟು ಹೋದ.

ನಾನು ಕೋಡಿನ ಕೆಳಗೆ ಸುಮ್ನೆ "ಸ್ಕ್ಯಾನ್ ಮಾಡಿ" ಅಂತ ಬರೆಸಿದ್ದೆ. ಅದನ್ನ ತೆಗೆಸಿದೆ. ಮೇಲೆ ದಪ್ಪಗೆ "ಅನ್ನ ಉದುರಾಗಬೇಕಾ? ಫೋನಿನ ಕ್ಯಾಮೆರಾ ಹಿಡಿಯಿರಿ", ಕೆಳಗೆ "ಇದು ಹಣ ಕಟ್ಟುವ ಕೋಡ್ ಅಲ್ಲ". ಅಷ್ಟೇ ಬದಲಾವಣೆ. ವಾರದಲ್ಲಿ ವಿಡಿಯೋ ನೋಡುವವರು ಕಾಣತೊಡಗಿದರು. ವಿಡಿಯೋ 40 ಸೆಕೆಂಡಿನದು, ಹಾಡು ಗೀಡು ಇಲ್ಲ. ನಮ್ಮವ್ವ ಪಾತ್ರೆಯಲ್ಲಿ ಅಕ್ಕಿ ಮೇಲೆ ಬೆರಳಿಟ್ಟು, ಹೊಸ ಅಕ್ಕಿಗೆ ನೀರು ಯಾವ ಗೆಣ್ಣಿನವರೆಗೆ, ಹಳೆ ಅಕ್ಕಿಗೆ ಎಲ್ಲಿವರೆಗೆ ಅಂತ ತೋರಿಸುತ್ತಾಳೆ. ಕೆಳಗೆ ನಮ್ಮ ವಾಟ್ಸಾಪ್ ಬಟನ್. ಜನ ದೂರು ಹೇಳಲಿಕ್ಕೆ ಅಂತ ಶುರು ಮಾಡಿ ಆರ್ಡರ್ ಕೊಟ್ಟದ್ದೂ ಇದೆ.

ಒಂದು ವಿಷಯ ಮಾತ್ರ ಸಣ್ಣ ವ್ಯಾಪಾರಿಗಳಿಗೆ ಕೈ ಮುಗಿದು ಹೇಳುತ್ತೇನೆ. ಒಂದು ಹಂತದಲ್ಲಿ ನಾನು ಪುಕ್ಕಟೆ ಸಿಗುತ್ತೆ ಅಂತ ಬದಲಾಯಿಸಬಹುದಾದ ಕೋಡ್ ತಗೊಂಡೆ. ಅಂಥ ಕೋಡಿನಲ್ಲಿ ಇರುವುದು ಕೋಡ್ ಮಾಡಿಕೊಡುವ ಕಂಪನಿಯ ವೆಬ್ ವಿಳಾಸ, ಅಲ್ಲಿಂದ ಜನರನ್ನ ನಮ್ಮ ಪುಟಕ್ಕೆ ಕಳಿಸುತ್ತಾರೆ. ಪುಕ್ಕಟೆ ದಿನಗಳು ಮುಗಿದದ್ದೇ ತಡ, ಸ್ಕ್ಯಾನ್ ಮಾಡಿದವರಿಗೆ ನಮ್ಮವ್ವನ ಬದಲು "ಚಂದಾ ಕಟ್ಟಿ" ಅನ್ನುವ ಇಂಗ್ಲಿಷ್ ಪುಟ ತೆರೆಯಿತು. ಚೀಲಗಳು ಆಗಲೇ ಅಂಗಡಿಗಳಲ್ಲಿದ್ದವು, ವಾಪಸ್ ತರಿಸಲಿಕ್ಕೆ ಆಗುತ್ತದಾ? ಅಂಗಡಿ ಅಂಗಡಿ ತಿರುಗಿ ಸ್ಟಿಕರ್ ಅಂಟಿಸಿದೆ. ಈಗ ವರ್ಷಕ್ಕೆ ಸುಮಾರು ಸಾವಿರ ರೂಪಾಯಿ ಕೊಟ್ಟು ನನ್ನದೇ ಹೆಸರಿನ ವೆಬ್ ವಿಳಾಸ ಇಟ್ಟಿದ್ದೇನೆ. ಒಳಗಿನ ವಿಡಿಯೋ ಯಾವಾಗ ಬೇಕಾದರೂ ಬದಲಿಸಬಹುದು, ಚೀಲದ ಕೋಡ್ ಹಾಗೇ ಇರುತ್ತದೆ.

ಮುಂದೆ ಇದು ಇನ್ನೂ ದೊಡ್ಡದಾಗುತ್ತದೆ ಅಂತ ನನಗೆ ಖಾತ್ರಿ. 2023ರ ಆಗಸ್ಟ್ 1ರಿಂದ ನಮ್ಮ ದೇಶದಲ್ಲಿ 300 ಬ್ರ್ಯಾಂಡ್ ಔಷಧಿಗಳ ಮೇಲೆ ಬಾರ್‌ಕೋಡ್ ಇಲ್ಲವೇ ಕ್ಯೂಆರ್ ಕೋಡ್ ಕಡ್ಡಾಯ ಆಗಿದೆ. ಬಾರ್‌ಕೋಡ್ ನೋಡಿಕೊಳ್ಳುವ ಜಿಎಸ್1 ಸಂಸ್ಥೆ, 2027ರ ಕೊನೆಯೊಳಗೆ ಅಂಗಡಿಗಳ ಬಿಲ್ಲಿಂಗ್ ಯಂತ್ರಗಳು ಕ್ಯೂಆರ್‌ನಂಥ ಕೋಡನ್ನೂ ಓದುವಂತಾಗಬೇಕು ಅಂತ ಗುರಿ ಇಟ್ಟಿದೆ. ಗೆರೆ ಬಾರ್‌ಕೋಡ್ ಸಾಮಾನ್ಯವಾಗಿ ಇದು ಯಾವ ಮಾಲು ಅಂತ ಮಾತ್ರ ಹೇಳುತ್ತದೆ. ಕ್ಯೂಆರ್‌ನಲ್ಲಿ ಯಾವ ಲೋಡು, ಯಾವ ತಾರೀಖು ಅನ್ನೋದನ್ನೂ ಸೇರಿಸಬಹುದು. ನನಗೆ ಬೇಕಾದದ್ದೂ ಅದೇ, ಯಾಕಂದ್ರೆ ಒಂದೇ ಹೆಸರಿನ ಚೀಲದಲ್ಲಿ ಒಮ್ಮೆ ಹಳೆ ಅಕ್ಕಿ, ಒಮ್ಮೆ ಹೊಸ ಅಕ್ಕಿ ಇರುತ್ತದೆ.

ಸದ್ಯಕ್ಕೆ ಚೀಲದ ಬಾಯಿ ಹೊಲಿಯುವಾಗ ದಾರದ ಜೊತೆ ಒಂದು ಚೀಟಿ ಸೇರಿಸಿ ಹೊಲಿಯುತ್ತೇವೆ. ಹೊಸ ಅಕ್ಕಿಗೆ ಹಸಿರು, ಹಳೆಯದಕ್ಕೆ ಬಿಳಿ. ಎರಡರ ಮೇಲೂ ಬೇರೆ ಬೇರೆ ಕೋಡ್. ಹಸಿರು ಚೀಟಿಗೆ ಫೋನ್ ಹಿಡಿದರೆ ಅವ್ವ ನೀರು ಕಡಿಮೆ ಇಡುವ ವಿಡಿಯೋ ನೇರವಾಗಿ ಬರುತ್ತದೆ.