ಕಾಮಿಕ್ಸ್ ಅಚ್ಚಾಯಿತು, ಇನ್ನು ಅಂಗಡಿಗೆ: ಬರೆಯುವವರಿಗೆ ಮಾರಾಟದ ಮತ್ತು ಸಹಿಯ ಪಾಠ

ಕಾಮಿಕ್ಸ್ ಬರೆಯುವವರು ಪುಸ್ತಕದ ಅಂಗಡಿಗೆ ಹೋಗುವುದು ಸಾಮಾನ್ಯವಾಗಿ ಅಚ್ಚಾದ ಬಂಡಲ್ ಮನೆಗೆ ಬಂದ ಮೇಲೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ನಿಮ್ಮ ಪುಸ್ತಕವನ್ನು ಅಂಗಡಿಯವರು ಎಲ್ಲಿ ಇಡುತ್ತಾರೆ ಎಂಬುದರ ಅರ್ಧ ತೀರ್ಮಾನ ಪ್ರೆಸ್ಸಿನಲ್ಲೇ ಆಗಿರುತ್ತದೆ.

ಮುಖ್ಯ ಕಾರಣ ಬೆನ್ನು, ಅಂದರೆ ಪುಸ್ತಕ ನಿಲ್ಲಿಸಿದಾಗ ಎದುರಿಗೆ ಕಾಣುವ ಕಟ್ಟಿನ ಬದಿ. 32 ಪುಟದ ಕಾಮಿಕ್ಸನ್ನು ಸೆಂಟರ್ ಪಿನ್ ಹೊಡೆದು ಕಟ್ಟುತ್ತಾರೆ. ಅದಕ್ಕೆ ಬೆನ್ನೇ ಇರುವುದಿಲ್ಲ. ರ‍್ಯಾಕಿನಲ್ಲಿ ಎರಡು ದಪ್ಪ ಕಾದಂಬರಿಗಳ ನಡುವೆ ನಿಲ್ಲಿಸಿದರೆ ಹೆಸರು ಕಾಣುವುದಿಲ್ಲ, ಒಂದು ವಾರದಲ್ಲಿ ಹಿಂದಕ್ಕೆ ಸರಿದು ಮಾಯವಾಗುತ್ತದೆ. ಸುಮಾರು 60 ಪುಟ ದಾಟಿದರೆ ಪುಟಗಳನ್ನು ಅಂಟಿನಿಂದ ಕಟ್ಟುವ ಪರ್ಫೆಕ್ಟ್ ಬೈಂಡಿಂಗ್ ಮಾಡಿಸಿ ಬೆನ್ನ ಮೇಲೆ ಹೆಸರು ಹಾಕಿಸಬಹುದು. ಆದ್ದರಿಂದ 32 ಪುಟದ ಎರಡು ಕಂತುಗಳಿದ್ದರೆ, ಅಂಗಡಿಯ ದೃಷ್ಟಿಯಿಂದ ಎರಡನ್ನೂ ಸೇರಿಸಿ ಒಂದೇ ಪುಸ್ತಕ ಮಾಡುವುದು ಮೇಲು. ಕಂತು ಕಂತಾಗಿಯೇ ತರಬೇಕೆಂದಿದ್ದರೆ ಮುಖಪುಟ ಎದುರಿಗೆ ಕಾಣುವಂತೆ ನಿಲ್ಲಿಸಲು ಒಂದು ಪುಟ್ಟ ರಟ್ಟಿನ ಸ್ಟ್ಯಾಂಡನ್ನು ನೀವೇ ಒಯ್ಯಿರಿ. ಅಗಲ 18 ಸೆಂಟಿಮೀಟರ್ ಸಾಕು. ಗಲ್ಲಾದ ಪಕ್ಕ ಇರುವ ಜಾಗ ಅಷ್ಟೇ. ಪುಟಗಳ ಲೆಕ್ಕ 4ರ ಗುಣಕದಲ್ಲೇ ಇರಲಿ, ಇಲ್ಲದಿದ್ದರೆ ಕೊನೆಯಲ್ಲಿ ಖಾಲಿ ಹಾಳೆಗಳು ಉಳಿಯುತ್ತವೆ.

ಎರಡನೆಯದು ಬಾರ್‌ಕೋಡ್. ಅದರಲ್ಲಿರುವುದು ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ. ಅದು ನಮ್ಮಲ್ಲಿ ಉಚಿತ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. ಅಚ್ಚಿಗೆ ಹೋಗುವ ಒಂದೆರಡು ತಿಂಗಳು ಮೊದಲೇ ಹಾಕಿಬಿಡಿ. ಕನ್ನಡ ಆವೃತ್ತಿಗೆ ಒಂದು, ಇಂಗ್ಲಿಷಿನದಕ್ಕೆ ಬೇರೊಂದು ಸಂಖ್ಯೆ ಬೇಕು. ಹಿಂಬದಿಯ ರಕ್ಷಾಪುಟದ ಕೆಳಮೂಲೆಯಲ್ಲಿ ಬಾರ್‌ಕೋಡಿಗೆ ಸುಮಾರು 37 ಮಿಲಿಮೀಟರ್ ಅಗಲ, 26 ಮಿಲಿಮೀಟರ್ ಎತ್ತರದ ಬಿಳಿ ಚೌಕ ಬಿಡುವಂತೆ ಚಿತ್ರಕಾರರಿಗೆ ಆರಂಭದಲ್ಲೇ ಹೇಳಿ. ಚಿತ್ರ ಮುಗಿದ ಮೇಲೆ ಹೇಳಿದರೆ ಕಪ್ಪು ಆಕಾಶದ ಮೇಲೆ ಕಪ್ಪು ಗೆರೆಗಳು ಬರುತ್ತವೆ, ಸ್ಕ್ಯಾನರ್ ಓದುವುದಿಲ್ಲ. ಆಗ ಅಂಗಡಿಯವರು ತಮ್ಮದೇ ಸ್ಟಿಕರ್ ಅಂಟಿಸುತ್ತಾರೆ, ಅದೂ ಎಷ್ಟೋ ಸಲ ನಾಯಕಿಯ ಮುಖದ ಮೇಲೆ.

ದುಡ್ಡಿನ ಲೆಕ್ಕ

ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಲೆಕ್ಕ ಸರಳ. ಮುಖಬೆಲೆ 200 ರೂಪಾಯಿ ಎಂದುಕೊಳ್ಳಿ. ಅಂಗಡಿಗೆ ನೇರವಾಗಿ ಕೊಟ್ಟರೆ ಸಾಮಾನ್ಯವಾಗಿ ಶೇ. 30ರಿಂದ 40 ಅವರದು. ಶೇ. 40 ಎಂದರೆ ನಿಮ್ಮ ಕೈಗೆ 120. ನಡುವೆ ವಿತರಕರು ಬಂದರೆ ಶೇ. 50 ದಾಟುತ್ತದೆ, ಶೇ. 55 ಆದರೆ ನಿಮಗೆ 90. ಪ್ರತಿಯ ಮುದ್ರಣಕ್ಕೇ 65 ಬಿದ್ದಿದ್ದರೆ ಉಳಿಯುವ 25ರಲ್ಲಿ ಚಿತ್ರಕಾರರ ಪಾಲು, ಬಣ್ಣ ತುಂಬಿದವರದು, ಆಟೋ ಬಾಡಿಗೆ ಎಲ್ಲವೂ ಬರಬೇಕು. ಬರುವುದಿಲ್ಲ. ಮುಖಬೆಲೆ ಮುದ್ರಣದ ಖರ್ಚಿನ ಮೂರು ಪಟ್ಟಿಗಿಂತ ಹೆಚ್ಚಿರಬೇಕು ಎನ್ನುವುದು ಇದಕ್ಕೇ. ಸ್ನೇಹಿತರು ದುಬಾರಿಯಾಯಿತು ಅಂದರೆಂದು 120ಕ್ಕೆ ಇಳಿಸಿದವರ ಪುಸ್ತಕ ವಿತರಕರ ಮೂಲಕ ಒಂದೊಂದು ಪ್ರತಿ ಮಾರಾಟವಾದಾಗಲೂ ಅವರಿಗೇ ನಷ್ಟ.

ಪುಸ್ತಕವನ್ನು ಅಂಗಡಿ ತೆಗೆದುಕೊಳ್ಳುವ ರೀತಿ ಎರಡು. ನಗದಿಗೆ ಕೊಳ್ಳುವುದು ಒಂದು, ಮಾರಿದ ಮೇಲೆ ದುಡ್ಡು ಕೊಟ್ಟು ಉಳಿದದ್ದನ್ನು ವಾಪಸ್ ಮಾಡುವುದು ಇನ್ನೊಂದು. ಹೊಸಬರಿಗೆ ಸಿಗುವುದು ಬಹುತೇಕ ಎರಡನೆಯದೇ. ಅಮೆರಿಕದ ಕಾಮಿಕ್ಸ್ ಅಂಗಡಿಗಳಲ್ಲಿ 1970ರ ದಶಕದಿಂದ ನಡೆದುಬಂದ ಪದ್ಧತಿ ಇದಕ್ಕೆ ತದ್ವಿರುದ್ಧ: ಹೆಚ್ಚಿನ ರಿಯಾಯಿತಿಗೆ ಕೊಳ್ಳುತ್ತಾರೆ, ಉಳಿದರೆ ವಾಪಸಿಲ್ಲ. ಅಲ್ಲಿನ ಅಂಗಡಿಯವರು ಪುಸ್ತಕ ಬರುವುದಕ್ಕೆ ವಾರಗಳ ಮೊದಲೇ ಎಷ್ಟು ಪ್ರತಿ ಬೇಕೆಂದು ಖಚಿತವಾಗಿ ಹೇಳಬೇಕು. ಹಾಗಾಗಿ ಅಲ್ಲಿಯ ಬರಹಗಾರರು ಆ ಗಡುವಿಗೆ ಮುಂಚೆಯೇ ಅಂಗಡಿ ಅಂಗಡಿಗೆ ಫೋನು ಮಾಡುತ್ತಾರೆ. ದುಡ್ಡು ಹಾಕಿದವರು ಮಾರಲು ತಾವೇ ಮುಂದಾಗುತ್ತಾರೆ. ನಮ್ಮಲ್ಲಿ ಅಂಗಡಿಯವರ ದುಡ್ಡೇನೂ ಸಿಕ್ಕಿಕೊಂಡಿಲ್ಲ, ಆದ್ದರಿಂದ ನಿಮ್ಮ ಪುಸ್ತಕವನ್ನು ನೆನಪಿಟ್ಟುಕೊಳ್ಳಲು ಅವರಿಗೆ ಬೇರೆ ಕಾರಣ ಬೇಕು. ಆ ಕಾರಣ ಒಂದೇ: ಅವರು ಅದನ್ನು ಓದಿ ಮೆಚ್ಚಿರಬೇಕು.

ಅಂಗಡಿಗೆ ಹೋಗುವುದು

ಆದ್ದರಿಂದ ಮೊದಲ ಭೇಟಿಗೆ ಬಂಡಲ್ ಬೇಡ. ಎರಡೇ ಪ್ರತಿ ಒಯ್ಯಿರಿ. ಒಂದು ಮಾಲೀಕರಿಗೆ, ಇನ್ನೊಂದು ಕಾಮಿಕ್ಸ್ ರ‍್ಯಾಕು ನೋಡಿಕೊಳ್ಳುವ ಹುಡುಗನಿಗೋ ಹುಡುಗಿಗೋ. "ಮಗನಿಗೆ ಏನಾದರೂ ಕೊಡಿ" ಎಂದು ಬಂದ ಗಿರಾಕಿಯ ಕೈಗೆ ಪುಸ್ತಕ ಕೊಡುವವರು ಈ ಎರಡನೆಯವರೇ. ಅವರ ಹೆಸರು ಕೇಳಿ ತಿಳಿದುಕೊಂಡು, ಅದೇ ಹೆಸರು ಬರೆದು ಸಹಿ ಹಾಕಿ ಕೊಡಿ. ಅಮರ ಚಿತ್ರಕಥೆಯ ಮೂಲದಲ್ಲೂ ಪುಸ್ತಕ ಮಾರುವವರೊಬ್ಬರಿದ್ದರು ಎಂಬುದು ನೆನಪಿರಲಿ. ಬೆಂಗಳೂರಿನ ಪುಸ್ತಕ ವ್ಯಾಪಾರದಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಸಲಹೆಯಿಂದ 1965ರಲ್ಲಿ ಆ ಮಾಲೆ ಮೊದಲು ಬಂದದ್ದು ಕನ್ನಡದಲ್ಲಿ.

ವಾರದ ನಡುವಿನ ದಿನ, ಬೆಳಿಗ್ಗೆ 11ರ ಹೊತ್ತು ಒಳ್ಳೆಯದು. ಶನಿವಾರ ಸಂಜೆ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಯಾವ ಅಂಗಡಿಯಲ್ಲೂ ನಿಮ್ಮ ಮಾತು ಕೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಹಲವು ಶಾಖೆಗಳಿರುವ ಅಂಗಡಿಗಳಲ್ಲಿ ಯಾವ ಪುಸ್ತಕ ತರಿಸಬೇಕೆಂಬ ತೀರ್ಮಾನ ಬಹುಮಟ್ಟಿಗೆ ಮುಖ್ಯ ಕಚೇರಿಯಲ್ಲಾಗುತ್ತದೆ. ಶಾಖೆಯವರನ್ನು ಒತ್ತಾಯಿಸಿ ಪ್ರಯೋಜನವಿಲ್ಲ, ಯಾರನ್ನು ನೋಡಬೇಕು ಎಂದು ಕೇಳಿಕೊಂಡು ಬನ್ನಿ. ಗಾಂಧಿ ಬಜಾರಿನ ಅಂಕಿತದಂಥ ಕನ್ನಡ ಪುಸ್ತಕದ ಅಂಗಡಿಯ ಓದುಗರು ಬೇರೆ, ಚರ್ಚ್ ಸ್ಟ್ರೀಟಿನ ಬ್ಲಾಸಮ್ಮಿಗೆ ಕಾಮಿಕ್ಸ್ ಹುಡುಕಿ ಬರುವವರು ಬೇರೆ. ಎರಡೂ ಕಡೆ ಒಂದೇ ಮಾತು ಹೇಳಬೇಡಿ. ಮೊದಲನೆಯ ಕಡೆ ಕಥೆ ಏನು, ಯಾವ ವಯಸ್ಸಿನವರಿಗೆ ಎಂದು ಹೇಳಿ. ಎರಡನೆಯ ಕಡೆ ಚಿತ್ರದ ಶೈಲಿಯಿಂದ ಶುರುಮಾಡಿ.

"ಐದು ಕಾಪಿ ಇಟ್ಟು ಹೋಗಿ, ನೋಡೋಣ" ಎಂದರೆ ಐದೇ ಇಡಿ. ಐವತ್ತು ಕೊಟ್ಟರೆ ನಲವತ್ತೈದು ಗೋಡೌನಿನಲ್ಲಿ ಧೂಳು ತಿಂದು, ಮೂಲೆ ಮಡಿಚಿ ವಾಪಸ್ ಬರುತ್ತವೆ. ಎಂಟು ಅಂಗಡಿಗೆ ಐದೈದರಂತೆ 40 ಪ್ರತಿ. ಮೊದಲ ತಿಂಗಳಿಗೆ ಇಷ್ಟು ಸಾಕು.

ಕೊಡುವಾಗ ಡೆಲಿವರಿ ಚಲನ್ ಎರಡು ಪ್ರತಿ ಬರೆಯಿರಿ. ತಾರೀಕು, ಪುಸ್ತಕದ ಹೆಸರು, ಐಎಸ್‌ಬಿಎನ್, ಪ್ರತಿಗಳ ಸಂಖ್ಯೆ, ಮುಖಬೆಲೆ, ಕಮಿಷನ್ ಶೇಕಡಾ ಎಷ್ಟು, ಲೆಕ್ಕ ಎಷ್ಟು ದಿನಕ್ಕೊಮ್ಮೆ (90 ದಿನ ಎಂದು ಬರೆಯಿಸಿಕೊಳ್ಳಿ), ಹಾಳಾದ ಪ್ರತಿ ಯಾರ ಲೆಕ್ಕಕ್ಕೆ. ಕೆಳಗೆ ಅಂಗಡಿಯ ಮೊಹರು ಮತ್ತು ಸಹಿ. ಬಾಯಿಮಾತಿನಲ್ಲಿ ಇಟ್ಟು ಬಂದ ಪುಸ್ತಕದ ದುಡ್ಡು ಕೈಸೇರದಿರಲು ಮೋಸವೇ ಕಾರಣವಾಗಬೇಕಿಲ್ಲ. ಚಲನ್ ಇಲ್ಲದ ಮಾಲು ಅವರ ಕಂಪ್ಯೂಟರಿಗೆ ಹತ್ತುವುದೇ ಇಲ್ಲ, ಬಿಲ್ಲು ಮಾಡುವಾಗ ಬೇರೆ ಯಾವುದೋ ಹೆಸರಿನಲ್ಲಿ ಹೋಗಿಬಿಡುತ್ತದೆ.

ಸಹಿಯ ದಿನ

ಪುಸ್ತಕ ಅಂಗಡಿಯಲ್ಲಿ ಒಂದು ತಿಂಗಳಿದ್ದು ನಾಲ್ಕೈದು ಪ್ರತಿ ಹೋದ ಮೇಲೆ ಸಹಿ ಕಾರ್ಯಕ್ರಮದ ಮಾತೆತ್ತಿ. ಆಗ ಅವರಿಗೂ ನಂಬಿಕೆ ಬಂದಿರುತ್ತದೆ. ಎರಡು ಗಂಟೆಗಿಂತ ಹೆಚ್ಚು ಬೇಡ. ಒಬ್ಬರಿಗೆ ಎರಡು ನಿಮಿಷದಂತೆ ಗಂಟೆಗೆ 30 ಜನ. ಹೊಸ ಬರಹಗಾರರಿಗೆ ಅಷ್ಟು ಜನ ಬಂದರೆ ದೊಡ್ಡ ಮಾತು. ಜಯನಗರ, ಬಸವನಗುಡಿ ಕಡೆ ಭಾನುವಾರ ಬೆಳಿಗ್ಗೆ 11ರಿಂದ 1, ಚರ್ಚ್ ಸ್ಟ್ರೀಟಿನಲ್ಲಿ ಶನಿವಾರ ಸಂಜೆ. ಮೇ ತಿಂಗಳಲ್ಲಿ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಸಂಜೆ ಮಳೆ ಹಿಡಿದರೆ ಯಾರೂ ಬರುವುದಿಲ್ಲ, ಆ ತಿಂಗಳುಗಳಲ್ಲಿ ಬೆಳಿಗ್ಗೆಯೇ ಇಟ್ಟುಕೊಳ್ಳಿ. ಮಕ್ಕಳ ಕಾಮಿಕ್ಸ್ ಆದರೆ ಫೆಬ್ರವರಿ, ಮಾರ್ಚಿನ ಪರೀಕ್ಷೆ ಕಾಲ ಬೇಡ. ನವೆಂಬರಿನಲ್ಲಿ ರಾಜ್ಯೋತ್ಸವದ ಹೆಸರಿನಲ್ಲಿ ಕನ್ನಡ ಪುಸ್ತಕಗಳಿಗೆ ರಿಯಾಯಿತಿ ಇರುತ್ತದೆ, ಜನವೂ ಇರುತ್ತಾರೆ. ಆದರೆ ಆ ರಿಯಾಯಿತಿ ಅವರ ಕಮಿಷನ್ನಿನಿಂದಲೋ ನಿಮ್ಮ ಪಾಲಿನಿಂದಲೋ ಎಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಇಲ್ಲಿ ಬರೆಯುವವರದೇ ಒಂದು ಕಷ್ಟವಿದೆ. ಚಿತ್ರಕಾರರ ಎದುರು ಸಾಲು ಬೆಳೆಯುತ್ತದೆ, ಏಕೆಂದರೆ ಅವರು ಪ್ರತಿಯೊಬ್ಬರಿಗೂ ಏನಾದರೂ ಗೀಚಿ ಕೊಡುತ್ತಾರೆ. ಪಕ್ಕದಲ್ಲಿ ಕೂತ ಬರಹಗಾರರ ಹತ್ತಿರ ಬಂದ ಮಗು "ನೀವೂ ಒಂದು ಚಿತ್ರ ಬರೀರಿ" ಎನ್ನುತ್ತದೆ. ಬಾರದ ಚಿತ್ರಕ್ಕೆ ಕೈ ಹಾಕಬೇಡಿ. ನಿಮ್ಮ ಕೆಲಸ ಮಾತು, ಅದನ್ನೇ ಅಲ್ಲಿ ಕೂತು ಮಾಡಿ ತೋರಿಸಿ. ಪೋಸ್ಟ್‌ಕಾರ್ಡ್ ಗಾತ್ರದ ದಪ್ಪ ಕಾಗದದ ಮೇಲೆ ಕಥೆಯ ಪಾತ್ರವೊಂದನ್ನು, ತಲೆಯ ಮೇಲೆ ಖಾಲಿ ಮಾತಿನ ಗುಳ್ಳೆಯೊಂದಿಗೆ ಅಚ್ಚು ಹಾಕಿಸಿ. ಒಟ್ಟು 60 ಕಾರ್ಡು, ಮೂರು ಬೇರೆ ಬೇರೆ ಭಂಗಿ: ಕೋಪ, ನಗು, ಆಶ್ಚರ್ಯ. ಓದುಗರು ಬಂದಾಗ ಒಂದು ಕಾರ್ಡು ಆರಿಸಿಕೊಳ್ಳಲಿ. "ಇವಳು ನಿಮ್ಮ ಅಣ್ಣನಿಗೆ ಏನು ಹೇಳಬೇಕು?" ಎಂದು ಕೇಳಿ. ಅವರು ಹೇಳಿದ್ದನ್ನು ಪಾತ್ರದ ಮಾತಿನ ಧಾಟಿಗೆ ತಿರುಗಿಸಿ ಗುಳ್ಳೆಯೊಳಗೆ ಬರೆಯಿರಿ. ಐದಾರು ಪದ ಮಾತ್ರ, ಗುಳ್ಳೆಗೆ ಅದಕ್ಕಿಂತ ಹಿಡಿಸುವುದಿಲ್ಲ. ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕಾದ್ದರಿಂದ ಕನ್ನಡದಲ್ಲಿ ಎರಡು ಸಾಲು ಬರೆಯಲು ಗುಳ್ಳೆ ಕನಿಷ್ಠ 3 ಸೆಂಟಿಮೀಟರ್ ಎತ್ತರವಿರಲಿ. ಪಾತ್ರಕ್ಕೆ ಮಾತು ಹೇಗೆ ಹುಟ್ಟುತ್ತದೆ ಎಂದು ಕಣ್ಣೆದುರು ನೋಡಿದ ಮಗು ಆ ಕಾರ್ಡನ್ನು ಬಿಸಾಡುವುದಿಲ್ಲ.

ಪೆನ್ನಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಲ್ಯಾಮಿನೇಷನ್ ಆದ ಮುಖಪುಟದ ಮೇಲೆ ಜೆಲ್ ಪೆನ್ನಿನ ಶಾಯಿ ಒಣಗುವುದಿಲ್ಲ, ಬೆರಳು ತಾಗಿದರೆ ಬಳಿದುಹೋಗುತ್ತದೆ. ಮುಖಪುಟಕ್ಕೆ ಸಣ್ಣ ಮೊನೆಯ ಪರ್ಮನೆಂಟ್ ಮಾರ್ಕರ್. ಕಪ್ಪು ಹಿನ್ನೆಲೆಯಿದ್ದರೆ ಬೆಳ್ಳಿ ಬಣ್ಣದ ಪೇಂಟ್ ಮಾರ್ಕರ್, ಅದು ಒಣಗಲು ಕೆಲವು ನಿಮಿಷ ಬೇಕು. ಒಳಪುಟ ನುಣುಪಾದ ಆರ್ಟ್ ಪೇಪರ್ ಆಗಿದ್ದರೂ ಜೆಲ್ ಕಷ್ಟವೇ. ಹೊಳಪಿಲ್ಲದ ಮ್ಯಾಪ್‌ಲಿಥೋ ಕಾಗದವಾದರೆ ಯಾವ ಪೆನ್ನೂ ನಡೆಯುತ್ತದೆ, ಆದರೆ ಮಾರ್ಕರ್ ಹಿಂದಿನ ಪುಟಕ್ಕೆ ಇಳಿಯುತ್ತದೆ. ಶೀರ್ಷಿಕೆ ಪುಟದಲ್ಲಿ ಅಂಗೈಯಗಲ ಖಾಲಿ ಜಾಗ ಬಿಡಿಸಿಟ್ಟುಕೊಂಡು ಅಲ್ಲೇ ಸಹಿ ಹಾಕುವುದು ಎಲ್ಲಕ್ಕಿಂತ ಸಲೀಸು. ಸಹಿ ಮಾಡಿ ಪುಸ್ತಕ ಮುಚ್ಚುವ ಮೊದಲು ನಡುವೆ ಒಂದು ಚೂರು ಬಟರ್ ಪೇಪರ್ ಇಡಿ, ಇಲ್ಲದಿದ್ದರೆ ನಿಮ್ಮ ಹೆಸರು ಎದುರು ಪುಟದಲ್ಲೂ ತಿರುವುಮುರುವಾಗಿ ಮೂಡುತ್ತದೆ. ಒಂದೊಂದು ಬಗೆಯ ಎರಡು ಪೆನ್ನಿರಲಿ. ಹಿಂದಿನ ದಿನ ಹಾಳಾದ ಪ್ರತಿಯೊಂದರ ಮೇಲೆ ಬರೆದು, ಐದು ನಿಮಿಷ ಬಿಟ್ಟು ಉಜ್ಜಿ ನೋಡಿ.

ಹೆಸರು ತಪ್ಪಾಗಿ ಬರೆದರೆ ಆ ಪ್ರತಿ ಹೋಯಿತು. ಶಿಲ್ಪ, ಶಿಲ್ಪಾ ಎರಡೂ ಇದ್ದಾರೆ. ಸಾಲಿನಲ್ಲಿ ನಿಂತಿರುವಾಗಲೇ ಒಬ್ಬ ಸ್ನೇಹಿತರು ಚೀಟಿ ಹಂಚಿ, ಹೆಸರನ್ನು ಅವರ ಕೈಯಲ್ಲೇ ಬರೆಸಿ ಪುಸ್ತಕಕ್ಕೆ ಸಿಕ್ಕಿಸಲಿ.

ಅಂದು ಮಾರಾಟವಾಗುವ ಪ್ರತಿಯೆಲ್ಲ ಅಂಗಡಿಯ ಗಲ್ಲಾದಲ್ಲೇ ಬಿಲ್ಲಾಗಬೇಕು. ಮೇಜಿನ ಮೇಲೆ ನಿಮ್ಮ ಸ್ವಂತ ಕ್ಯೂಆರ್ ಕೋಡ್ ಇಟ್ಟು ನೇರವಾಗಿ ದುಡ್ಡು ತೆಗೆದುಕೊಂಡರೆ, ಜಾಗ ಕೊಟ್ಟವರಿಗೆ ಮಾಡಿದ ಅನ್ಯಾಯವಾಗುತ್ತದೆ. ಮುಂದಿನ ಪುಸ್ತಕಕ್ಕೆ ಅಲ್ಲಿ ಜಾಗವೂ ಸಿಗುವುದಿಲ್ಲ. ನೇರ ಮಾರಾಟಕ್ಕೆ ಬೇರೆ ಸ್ಥಳಗಳಿವೆ: ಕಾಮಿಕ್ಸ್ ಪ್ರಿಯರ ಮೇಳವಾದ ಕಾಮಿಕ್ ಕಾನ್‌ನಲ್ಲಿ ಬಾಡಿಗೆಯ ಮೇಜು, ಊರಿನ ಪುಸ್ತಕ ಮೇಳ. ಮೂಲ ಚಿತ್ರಗಳನ್ನು ತೋರಿಸುವ ಆಸೆಯಿದ್ದರೆ ಎಂ.ಜಿ. ರಸ್ತೆಯ ಹತ್ತಿರದ ಇಂಡಿಯನ್ ಕಾರ್ಟೂನ್ ಗ್ಯಾಲರಿಯಲ್ಲಿ ವಿಚಾರಿಸಿ.

ಪ್ರತಿಗಳ ಲೆಕ್ಕ ಹೀಗೆ: ಬರುತ್ತೇವೆಂದು ಹೇಳಿದವರಲ್ಲಿ ಮೂರನೇ ಒಂದು ಭಾಗ ಬಂದರೂ ಒಳ್ಳೆಯದೆಂದುಕೊಂಡು, 40 ಪ್ರತಿ ಅಂಗಡಿಗೆ ಕೊಡಿ, ಇನ್ನೊಂದು 20 ಗಾಡಿಯಲ್ಲಿರಲಿ. ಆರ್ಟ್ ಪೇಪರಿನ 32 ಪುಟದ ನೂರು ಪ್ರತಿ ಸುಮಾರು 11–12 ಕಿಲೋ ತೂಗುತ್ತದೆ. 25ರ ಕಟ್ಟುಗಳಾಗಿ ಮಾಡಿ, ಮೇಲೂ ಕೆಳಗೂ ರಟ್ಟು ಇಟ್ಟು ಕಟ್ಟಿ. ಬರಿಯ ದಾರ ಬಿಗಿದರೆ ಮೊದಲ ಮತ್ತು ಕೊನೆಯ ಪ್ರತಿಯ ಅಂಚು ಕತ್ತರಿಸಿಹೋಗುತ್ತದೆ.

ಚಿತ್ರಕಾರರು ಬೇರೆ ಊರಿನಲ್ಲಿದ್ದರೆ ಅವರ ಸಹಿ ಇರುವ ಚೀಟಿಗಳನ್ನು ಮೊದಲೇ ತರಿಸಿಕೊಂಡು ಒಳಪುಟಕ್ಕೆ ಅಂಟಿಸಿ. ಇಬ್ಬರ ಸಹಿಯೂ ಇರುವ ಪ್ರತಿಗೆ ಬೆಲೆ ಬೇರೆ.

ಆಮೇಲೆ

ಜನ ಕರಗಿದ ಮೇಲೆ ಅಂಗಡಿಯವರನ್ನು ಕೇಳಿ ಎಂಟೋ ಹತ್ತೋ ಪ್ರತಿಗೆ ಸಹಿ ಹಾಕಿ ಬಿಡಿ. ಕೇಳದೆ ಹಾಕಬೇಡಿ. ಅವರು ವಿತರಕರಿಂದ ತರಿಸಿದ ಪ್ರತಿಯಾಗಿದ್ದರೆ ಸಹಿ ಬಿದ್ದ ಪುಸ್ತಕವನ್ನು ವಾಪಸ್ ಮಾಡಲು ಆಗದೇ ಹೋಗಬಹುದು. "ಲೇಖಕರ ಸಹಿ ಇದೆ" ಎಂಬ ಸ್ಟಿಕರನ್ನು ನೇರ ಮುಖಪುಟಕ್ಕೆ ಅಂಟಿಸಿದರೆ ತೆಗೆಯುವಾಗ ಅಂಟು ಉಳಿಯುತ್ತದೆ. ಪುಸ್ತಕದ ನಡುವಿಗೆ ಎರಡು ಇಂಚಿನ ಕಾಗದದ ಪಟ್ಟಿ ಸುತ್ತಿ ಅದರ ಮೇಲೆ ಬರೆಯುವುದು ಚೆಂದ.

ಮುಂದಿನ ತಿಂಗಳಿನಿಂದ ಪ್ರತಿ ತಿಂಗಳ ಮೊದಲ ವಾರ ಒಂದು ಸುತ್ತು ಹಾಕಿ. ರ‍್ಯಾಕಿನಲ್ಲಿರುವ ಪ್ರತಿಗಳನ್ನು ಎಣಿಸಿ, ಚಲನ್ನಿನ ಹಿಂಬದಿ ತಾರೀಕು ಹಾಕಿ ಬರೆದುಕೊಳ್ಳಿ. ಒರಗಿಬಿದ್ದದ್ದನ್ನು ನೆಟ್ಟಗೆ ನಿಲ್ಲಿಸಿ, ಮುದುಡಿದ್ದನ್ನು ಹೊಸದರೊಂದಿಗೆ ಬದಲಾಯಿಸಿ. ದುಡ್ಡಿನ ಮಾತು 90 ದಿನಕ್ಕೊಮ್ಮೆ ಸಾಕು, ಆಗ ಎಣಿಕೆಯ ಚೀಟಿ ಮುಂದಿಟ್ಟು ಬಿಲ್ಲು ಕೊಡಿ. ಮೂರು ತಿಂಗಳಲ್ಲಿ ಐದರಲ್ಲಿ ಒಂದೂ ಹೋಗದ ಅಂಗಡಿಯಿಂದ ಪ್ರತಿಗಳನ್ನು ನೀವೇ ಕೇಳಿ ವಾಪಸ್ ತಂದು, ಮಾರಾಟವಾಗುತ್ತಿರುವ ಕಡೆಗೆ ಹಾಕಿ. ವಾಪಸ್ ತರುವಾಗ ಚಲನ್ನಿನ ಎರಡೂ ಪ್ರತಿಯಲ್ಲಿ ಲೆಕ್ಕ ಹೊಡೆದುಹಾಕಿಸಿ, ಮತ್ತೊಂದು ಸಹಿ ಪಡೆಯಿರಿ.