ಸ್ತೋತ್ರ ಹೇಳು ಅನ್ನುವುದನ್ನು ಬಿಟ್ಟ ಮೇಲೆ

ನಮ್ಮ ಮನೆಯಲ್ಲಿ ರಾತ್ರಿ ಎಂಟೂವರೆಗೆ ಕುಟುಂಬ ಪ್ರಾರ್ಥನೆ. ನನ್ನ ತವರಲ್ಲೂ ಹಾಗೇ ಇತ್ತು. ಒಂದು ಹಾಡು, ಬೈಬಲ್‌ನಿಂದ ಏಳೆಂಟು ವಚನ, ಆಮೇಲೆ ಒಬ್ಬೊಬ್ಬರಾಗಿ ಪ್ರಾರ್ಥನೆ, ಸ್ತೋತ್ರ (ನಮ್ಮಲ್ಲಿ ಹಾಗಂದರೆ ದೇವರಿಗೆ ಹೇಳುವ ಧನ್ಯವಾದ), ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ. ಬೆಂಗಳೂರಿನ ಲಿಂಗರಾಜಪುರದ ಈ ಎರಡು ಕೋಣೆಯ ಮನೆಗೆ ಬಂದ ದಿನದಿಂದ ಅದನ್ನು ತಪ್ಪಿಸಿಲ್ಲ. ಇಷ್ಟು ಮಾಡಿದರೆ ಮಕ್ಕಳಿಗೆ ನಂಬಿಕೆಯೂ ಬರುತ್ತದೆ, ಕೃತಜ್ಞತೆಯೂ ಬರುತ್ತದೆ ಅಂದುಕೊಂಡಿದ್ದೆ.

ಮಗನಿಗೆ ಆಗ ಆರು ವರ್ಷ. ಒಂದು ರಾತ್ರಿ ಅವನ ಸರದಿ ಬಂತು. ಕಣ್ಣು ಮುಚ್ಚಿ, ಕೈ ಜೋಡಿಸಿ ಹೇಳಿದ: "ದೇವರೇ, ಸಿಗ್ನಲ್‌ನಲ್ಲಿ ಪೆನ್ ಮಾರುವ ಮಕ್ಕಳ ಹಾಗೆ ನನ್ನನ್ನು ಮಾಡಲಿಲ್ಲ. ಅದಕ್ಕೆ ನಿನಗೆ ಸ್ತೋತ್ರ."

ನಾನು ಕಣ್ಣು ಬಿಟ್ಟೆ. ಅವನ ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮನಸ್ಸಿಟ್ಟೇ ಪ್ರಾರ್ಥನೆ ಮಾಡುತ್ತಿದ್ದ. ಆ ಮಾತು ಎಲ್ಲಿಂದ ಬಂತು ಅಂತ ಯೋಚಿಸಬೇಕಾಗಿಯೇ ಇರಲಿಲ್ಲ, ನನ್ನಿಂದಲೇ ಬಂದಿತ್ತು. ತಟ್ಟೆಯಲ್ಲಿ ಅನ್ನ ಬಿಟ್ಟರೆ, "ಊಟ ಇಲ್ಲದ ಮಕ್ಕಳು ಎಷ್ಟಿದ್ದಾರೆ ಗೊತ್ತಾ?" ಹೊಸ ಶೂ ಕೇಳಿದರೆ, "ಬರಿಗಾಲಲ್ಲಿ ಓಡಾಡುವವರನ್ನು ನೋಡು." ನನ್ನ ಅಮ್ಮ ನನಗೆ ಹೇಳಿದ್ದನ್ನೇ ನಾನೂ ಹೇಳುತ್ತಿದ್ದೆ. ಅವನು ಅದನ್ನು ನೇರವಾಗಿ ದೇವರ ಮುಂದೆ ಇಟ್ಟಿದ್ದ.

ಮರುದಿನ ಲೂಕನ ಸುವಾರ್ತೆಯ 18ನೇ ಅಧ್ಯಾಯ ಓದಿದೆವು. ಫರಿಸಾಯನೊಬ್ಬ, ಅಂದರೆ ಧರ್ಮದ ಕಟ್ಟಳೆಯನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ, ದೇವಾಲಯದಲ್ಲಿ ನಿಂತು, ನಾನು ಬೇರೆಯವರ ಹಾಗಿಲ್ಲ, ಈ ಸುಂಕದವನ ಹಾಗೂ ಇಲ್ಲ, ಅದಕ್ಕೆ ನಿನಗೆ ಸ್ತೋತ್ರ ಅನ್ನುತ್ತಾನೆ. ಸುಂಕದವನು ದೂರದಲ್ಲಿ ನಿಂತು ಎದೆ ಬಡಿದುಕೊಂಡು ಕರುಣೆ ಕೇಳುತ್ತಾನೆ. ಸುಂಕದವನು ಅಂದರೆ ಯಾರು ಅಂತ ಮಕ್ಕಳಿಗೆ ಗೊತ್ತಿರಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನುವ ಗಾದೆ ಹೇಳಿದೆ, ಅರ್ಥವಾಯಿತು. ಯಾರ ಕಷ್ಟಕ್ಕೂ ಕರಗದವನು ಅಂತ ಜನ ಅಂದುಕೊಂಡಿದ್ದ ಮನುಷ್ಯನೇ ನೀತಿವಂತನಾಗಿ ಮನೆಗೆ ಹೋದ. ದೇವರಿಗೆ ಸ್ತೋತ್ರ ಹೇಳಿದವನು ಹಾಗೆ ಹೋಗಲಿಲ್ಲ. ಆ ಕಥೆಯನ್ನು ನಾನು ಎಷ್ಟೋ ಸಲ ಕೇಳಿದ್ದೆ. ಅದರಲ್ಲಿ ತಪ್ಪು ದಾರಿಗೆ ಹೋದದ್ದು ಒಂದು ಸ್ತೋತ್ರದ ಪ್ರಾರ್ಥನೆ ಅನ್ನುವುದನ್ನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

"ಹಾಗಾದ್ರೆ ಏನಂತ ಹೇಳ್ಲಿ ಅಮ್ಮ?" ಅಂತ ಮಗ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಕೊಟ್ಟವರು ನಮ್ಮ ಮಾವ. ಅವರು ಕನ್ನಡ ಮೇಷ್ಟ್ರಾಗಿದ್ದವರು. ಮೊಮ್ಮಕ್ಕಳನ್ನು ಕೂರಿಸಿಕೊಂಡು ಪದ ಬಿಡಿಸಿದರು. ಕೃತ ಅಂದರೆ ಮಾಡಿದ್ದು, ಜ್ಞ ಅಂದರೆ ತಿಳಿದವನು. ನಮಗಾಗಿ ಯಾರು ಏನು ಮಾಡಿದ್ದಾರೆ ಅಂತ ತಿಳಿದವನೇ ಕೃತಜ್ಞ. "ಮೊದಲು ತಿಳ್ಕೊಳ್ಳಲಿ, ಆಮೇಲೆ ಸ್ತೋತ್ರ ಹೇಳಲಿ" ಅಂದರು. ಆ ಶನಿವಾರ ಮಕ್ಕಳನ್ನು ಬಸ್ಸಲ್ಲಿ ಕರೆದುಕೊಂಡು ಹೋಗಿ ಮೇಯೋ ಹಾಲ್ ಹತ್ತಿರ ಇರುವ ಕಿಟೆಲ್ ಪ್ರತಿಮೆ ತೋರಿಸಿದರು. 1853ರಲ್ಲಿ ಬಾಸೆಲ್ ಮಿಷನ್‌ನಿಂದ ಬಂದ ಜರ್ಮನಿಯ ಪಾದ್ರಿ ಕನ್ನಡ ಕಲಿತು, ವರ್ಷಗಟ್ಟಲೆ ಕೂತು ಪದ ಕೂಡಿಸಿದ್ದು, ಆ ನಿಘಂಟು 1894ರಲ್ಲಿ ಅಚ್ಚಾದದ್ದು, ಎಲ್ಲ ಹೇಳಿದರಂತೆ. ಅಲ್ಲಿಂದ ಹಡ್ಸನ್ ಸರ್ಕಲ್‌ಗೆ ಹೋಗಿ 1904ರ ಕಲ್ಲಿನ ಹಡ್ಸನ್ ಸ್ಮಾರಕ ಚರ್ಚನ್ನೂ ತೋರಿಸಿಕೊಂಡು ಬಂದರು. ಮಗಳು ಆ ರಾತ್ರಿ, "ಪದ ಎಲ್ಲಾ ಕೈಯಲ್ಲೇ ಬರೆದ ತಾತನಿಗೋಸ್ಕರ ಸ್ತೋತ್ರ" ಅಂದಳು. ಸುಮ್ನೆ "ಎಲ್ಲದಕ್ಕೂ ಸ್ತೋತ್ರ" ಅನ್ನುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ?

ಅಲ್ಲಿಂದ ನಮ್ಮ ಪ್ರಾರ್ಥನೆ ಬದಲಾಯಿತು. ದಿನಕ್ಕೆ ಒಂದೇ ವಿಷಯ. ಅದು ನಮ್ಮ ಮನೆಗೆ ಹೇಗೆ ಬಂತು, ಮಧ್ಯದಲ್ಲಿ ಯಾರ ಕೈ ಇತ್ತು ಅಂತ ಆದಷ್ಟು ತಿಳಿದುಕೊಂಡು ಆಮೇಲೆ ಸ್ತೋತ್ರ. ಬೇರೆಯವರಿಗೆ ಇಲ್ಲದ್ದು ನಮಗಿದೆ ಅನ್ನುವ ಮಾತನ್ನು ಊಟದ ಹೊತ್ತಲ್ಲೂ ಬಿಟ್ಟೆ. ಇದು ನನಗೇ ಕಷ್ಟವಾಯಿತು. ಅನ್ನ ಚೆಲ್ಲಿದಾಗ ಆ ಮಾತು ನಾಲಿಗೆ ತುದಿಗೆ ಬಂದು ನಿಲ್ಲುತ್ತಿತ್ತು.

2024ರ ಬೇಸಿಗೆ ಬೆಂಗಳೂರಿನವರು ಯಾರೂ ಮರೆಯುವುದಿಲ್ಲ. ನಮ್ಮ ಕಟ್ಟಡದ ಬೋರ್‌ವೆಲ್ ಬತ್ತಿತು. ಟ್ಯಾಂಕರ್‌ಗೆ ಕಾಯುವುದು, ಬಕೆಟ್ ಲೆಕ್ಕ ಹಾಕಿ ಸ್ನಾನ ಮಾಡುವುದು. ಒಂದು ರಾತ್ರಿ ನೀರನ್ನೇ ವಿಷಯ ಮಾಡಿಕೊಂಡೆವು. ನಲ್ಲಿಯಲ್ಲಿ ಬರುವ ಕಾವೇರಿ ಎಲ್ಲಿಂದ ಬರುತ್ತದೆ? ನಮ್ಮ ಮನೆಯವರು ಪೇಪರ್ ಮೇಲೆ ಗೆರೆ ಎಳೆದು ತೋರಿಸಿದರು. ಸುಮಾರು 100 ಕಿಲೋಮೀಟರ್ ದೂರ. ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಅಲ್ಲೊಂದು ಸಲ, ಹಾರೋಹಳ್ಳಿಯಲ್ಲೊಂದು ಸಲ, ತಾತಗುಣಿಯಲ್ಲಿ ಮತ್ತೊಂದು ಸಲ ಪಂಪ್ ಮಾಡಿ ಎತ್ತರದಲ್ಲಿರುವ ಬೆಂಗಳೂರಿಗೆ ಹತ್ತಿಸಬೇಕು. ಮಗ ಆ ಮೂರು ಊರಿನ ಹೆಸರನ್ನೂ ಬಾಯಿಪಾಠ ಮಾಡಿದ. ಆಮೇಲೆ ಪ್ರಾರ್ಥನೆಯಲ್ಲಿ, "ತೊರೆಕಾಡನಹಳ್ಳಿಯಲ್ಲಿ ರಾತ್ರಿಯೆಲ್ಲಾ ಮೋಟಾರ್ ನೋಡ್ಕೊಳ್ಳೋ ಅಂಕಲ್‌ಗೆ ನಿದ್ದೆ ಬರ್ತಿರುತ್ತೆ, ಅವರನ್ನ ಕಾಪಾಡಪ್ಪ" ಅಂದ. ಎರಡು ವರ್ಷದ ಹಿಂದೆ ಸಿಗ್ನಲ್ ಮಕ್ಕಳ ವಿಷಯ ಹೇಳಿದ್ದ ಅದೇ ಬಾಯಿ. ನನಗೆ ಆಮೇನ್ ಹೇಳುವುದಕ್ಕೆ ದನಿ ಹೊರಡಲಿಲ್ಲ.

ರಾತ್ರಿ ಹೆಸರು ಬಂದವರು ಕೈಗೆಟುಕುವವರಾದರೆ ಮರುದಿನ ಅವರಿಗೂ ಹೇಳಬೇಕು ಅನ್ನುವ ರೂಢಿ ನಿಧಾನಕ್ಕೆ ಬಂತು. ಬೀದಿ ಗುಡಿಸುವ ಅಕ್ಕ, ಹಾಲಿನವರು, ಶಾಲೆಯ ವ್ಯಾನ್ ಡ್ರೈವರ್. ಹಿಂದಿನಿಂದ ಬೆನ್ನು ತಟ್ಟಿ "ಥ್ಯಾಂಕ್ಸ್ ಹೇಳು" ಅನ್ನುವುದನ್ನು ನಾವು ಪೂರ್ತಿ ನಿಲ್ಲಿಸಿದ್ದೇವೆ. ಮಗಳು ನಾಚಿಕೆ ಸ್ವಭಾವದವಳು. ಬೀದಿ ಗುಡಿಸುವ ಅಕ್ಕನಿಗೆ ಏನಾದರೂ ಹೇಳುವುದಕ್ಕೆ ಅವಳಿಗೆ ತಿಂಗಳು ಬೇಕಾಯಿತು. ಹೇಳಿದ್ದೂ ಥ್ಯಾಂಕ್ಸ್ ಅಲ್ಲ, "ಅಕ್ಕ, ನೀರು ಕುಡೀತೀರಾ?" ಅಂತ.

ಕಾಣಿಕೆಯಾಗಿ ತಂದದ್ದನ್ನು ಹರಾಜು ಹಾಕುವ ನಮ್ಮ ಚರ್ಚಿನ ಸುಗ್ಗಿ ಹಬ್ಬಕ್ಕೂ ಈಗ ಅಂಗಡಿಯಿಂದ ಹಣ್ಣು ತರುವುದಿಲ್ಲ. ಬಾಲ್ಕನಿಯ ಟ್ರೇಯಲ್ಲಿ ಮಕ್ಕಳು ಮೆಂತ್ಯ ಸೊಪ್ಪು ಬೆಳೆಯುತ್ತಾರೆ. ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಮೊದಲ ಸಲ ಮಳೆಗೆ ಕೊಳೆತು ಹೋಯಿತು, ಮತ್ತೆ ಬಿತ್ತಿದರು. ಒಂದು ಹಿಡಿ ಸೊಪ್ಪು ಹರಾಜಿಗೆ ಬಂದಾಗ ಇಬ್ಬರೂ ಬೆಂಚಿನ ತುದಿಗೆ ಬಂದು ಕೂತಿದ್ದರು.

ಆದರೆ ನಂಬಿಕೆಯ ವಿಷಯ ಇಷ್ಟು ಸಲೀಸಾಗಿ ನಡೆಯಲಿಲ್ಲ. ಕಳೆದ ವರ್ಷ ನನ್ನ ಅಮ್ಮ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಮಗಳಿಗೆ ಹನ್ನೊಂದು ವರ್ಷ. ಹತ್ತೊಂಬತ್ತು ರಾತ್ರಿಯೂ ಅವಳು ಪ್ರಾರ್ಥನೆ ಮಾಡಿದ್ದಳು. ಮಣ್ಣು ಮಾಡಿ ಬಂದ ಮೇಲೆ ಮನೆಗೆ ಬಂದವರು, "ದೇವರ ಚಿತ್ತ ಕಂದಾ, ಎಲ್ಲಾದಕ್ಕೂ ಸ್ತೋತ್ರ ಹೇಳಬೇಕು" ಅಂದರು. ಪ್ರೀತಿಯಿಂದಲೇ ಅಂದದ್ದು. ಅವಳು ಎದ್ದು ಒಳಗೆ ಹೋದಳು. ಆಮೇಲೆ ವಾರಗಟ್ಟಲೆ ಪ್ರಾರ್ಥನೆಯಲ್ಲಿ ಅವಳ ಸರದಿ ಬಂದಾಗ ಬಾಯಿ ಬಿಡಲಿಲ್ಲ.

ನನಗೆ ಭಯವಾಯಿತು. ಒತ್ತಾಯ ಮಾಡೋಣವೇ ಅಂತಲೂ ಅನ್ನಿಸಿತು. ನಮ್ಮ ಮನೆಯವರು ಬೇಡ ಅಂದರು. ಒಂದು ರಾತ್ರಿ ಅವರು ವಿವರಣೆ ಏನೂ ಕೊಡದೆ ಬೈಬಲ್‌ನ 88ನೇ ಕೀರ್ತನೆ ಓದಿದರು. ಕೀರ್ತನೆಗಳಲ್ಲಿ ದೇವರ ಹತ್ತಿರ ಗೋಳಾಡುವವು ಬಹಳ ಇವೆ. ಹೆಚ್ಚಿನವು ಕೊನೆಗೆ ಭರವಸೆಗೋ ಹೊಗಳಿಕೆಗೋ ತಿರುಗುತ್ತವೆ. 88ನೆಯದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಮಗಳು ತಲೆ ಎತ್ತಿ, "ಇದು ಬೈಬಲ್ಲಲ್ಲೇ ಇದ್ಯಾ ಅಪ್ಪ?" ಅಂತ ಕೇಳಿ, ಪುಸ್ತಕ ಕೈಗೆ ತೆಗೆದುಕೊಂಡು ತಾನೇ ನೋಡಿದಳು. ಮರುದಿನ ಅವಳ ಸರದಿಯಲ್ಲಿ ಮಾತಾಡಿದಳು. "ನಾನು ಕೇಳಿದ್ದು ನಿನಗೆ ಕೇಳಿಸ್ಲಿಲ್ವಾ?" ಅಷ್ಟೇ. ನಾವೆಲ್ಲ ಆಮೇನ್ ಅಂದೆವು. ಮಗುವಿನ ಸಿಟ್ಟಿಗೆ ಆಮೇನ್ ಅನ್ನುವುದು ಸರಿಯಾ ಅಂತ ನನ್ನ ಅಕ್ಕ ಕೇಳಿದಳು. ಸಿಟ್ಟನ್ನು ದೇವರ ಹತ್ತಿರವೇ ಹೇಳುತ್ತಿದ್ದಾಳಲ್ಲ, ಅದು ನಂಬಿಕೆ ಅಲ್ಲದೆ ಇನ್ನೇನು ಅಂದೆ. ಈಗಲೂ ನನಗೆ ಹಾಗೇ ಅನ್ನಿಸುತ್ತದೆ.

ಈ ಸಲ ಈಸ್ಟರ್ ದಿನ ಬೆಳಗಿನ ಜಾವ ಸಿಮೆಟ್ರಿಗೆ ಹೋಗಿದ್ದೆವು. ಅಮ್ಮನ ಸಮಾಧಿ ಮೇಲೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ ನಿಂತಿದ್ದಾಗ ಮಗಳು ಕೇಳಿದಳು: "ಅಮ್ಮ, ಅಜ್ಜಿಗೆ ಗುಂಡಿ ತೋಡಿದ್ದು ಯಾರು?" ನನಗೆ ಗೊತ್ತಿರಲಿಲ್ಲ. ಅವತ್ತು ಆ ಮನುಷ್ಯನ ಮುಖವನ್ನೂ ನಾನು ನೋಡಿರಲಿಲ್ಲ. ಅವಳೇ ಹೋಗಿ ಗೇಟಿನ ಹತ್ತಿರ ವಿಚಾರಿಸಿದಳು. ವಯಸ್ಸಾದವರೊಬ್ಬರು ಬಂದರು. ಆ ದಿನ ಮಳೆ ಬಂದು ಮಣ್ಣು ಕುಸಿಯುತ್ತಿತ್ತು, ಎರಡು ಸಲ ತೋಡಬೇಕಾಯಿತು ಅಂತ ಅವರಿಗೆ ನೆನಪಿತ್ತು. ಅವರ ಹೆಸರು ಕೇಳಿಕೊಂಡು ಬಂದಳು.

ರಾತ್ರಿ ಎಂಟೂವರೆಗೆ ಆ ಹೆಸರು ಹೇಳಿ ಸ್ತೋತ್ರ ಹೇಳಿದಳು. ಎರಡು ಸಲ ತೋಡಿದ್ದನ್ನೂ ಹೇಳಿದಳು. ಅಜ್ಜಿ ಹೋದದ್ದಕ್ಕೆ ಇನ್ನೂ ಹೇಳಿಲ್ಲ. ನಾನೂ ಕೇಳಿಲ್ಲ.